ಖಾಕಿ ಮಾವನ ಹಲ್ಲುನೋವು

ಕಳೆದ ವರಮಹಾಲಕ್ಷ್ಮಿ ಹಬ್ಬದ ದಿನ ನಾನು ಗೊರವನಹಳ್ಳಿಯಲ್ಲಿದ್ದೆ. ಅಜ್ಜಿ ಊರು ಅದರ ಪಕ್ಕದಲ್ಲೇ. ಕೊರಟಗೆರೆ ತಾಲೂಕಿನ ಈ ಪುಟ್ಟ ಊರಿಗೆ ಮಹಾಲಕ್ಷ್ಮಿ ದೇವಸ್ಥಾನದಿಂದಾಗಿ ಶುಕ್ರವಾರ ಬಂದರೆ ಜನವೋ ಜನ, ಶ್ರಾವಣದಲ್ಲಂತೂ ಕೇಳೋದೇ ಬೇಡ. ನಮ್ಮ ಮಾವ ಹೆಡ್ ಕಾನ್‌ಸ್ಟೇಬಲ್. ಆವತ್ತು ಅವರಿಗೆ ಅಲ್ಲೇ ಬಂದೋಬಸ್ತ್. ಅಮ್ಮ ಕೊಟ್ಟು ಕಳಿಸಿದ ಒಬ್ಬಟ್ಟನ್ನು ತಗೊಂಡು ಹೋದರೆ ಮಾವ ಮುಟ್ಟಲೇ ಇಲ್ಲ. ಬಲಗೆನ್ನೆ ಊದಿಕೊಂಡಿತ್ತು.

"ಮೂರು ದಿನದಿಂದ ಬರೀ ಮುದ್ದೆ ನುಂಗಿ ಬದುಕಿದೀನಿ ಕಣೋ. ಅದಕ್ಕೆ ಹಲ್ಲು ಬೇಕಾಗಿಲ್ವಲ್ಲ" ಅಂತ ನಗೋಕೆ ಹೋಗಿ ಕೆನ್ನೆ ಹಿಡ್ಕೊಂಡರು.

"ರಜೆ ಕೇಳಬಾರದಾ ಮಾವ?"

"ಜ್ವರ ಅಂದ್ರೆ ಬಿಡ್ತಾರೆ. ಹಬ್ಬದ ಬಂದೋಬಸ್ತಲ್ಲಿ ಹಲ್ಲುನೋವು ಅಂದ್ರೆ ಜತೆಯವರೇ ನಗ್ತಾರೆ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಡಾಕ್ಟರ್ ಅಲ್ಲ, ಸೆಕೆಂಡ್ ಇಯರ್ ಎಂಜಿನಿಯರಿಂಗ್. ಆದರೂ ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಓದುತ್ತಾ ಹೋದೆ. ಓದಿದ್ದನ್ನು ನನ್ನ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲೇ ಹೇಳ್ತೀನಿ, ತಪ್ಪಿದ್ದರೆ ತಿದ್ದಿಕೊಳ್ಳಿ.

ಹಲ್ಲೂ ಬಂದೂಕಿನ ಪಾರ್ಟ್ ಆಗಿತ್ತು

1857ರ ದಂಗೆ ಅಂದ ಕೂಡಲೇ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ ನೆನಪಿಗೆ ಬರುತ್ತೆ ಅಲ್ವಾ? ಆ ತೋಟಾ ಕಾಗದದ್ದು. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಅಂದರೆ ಮುಂದಿನ ಹಲ್ಲಿಲ್ಲದವನು ಬಂದೂಕು ಲೋಡ್ ಮಾಡೋದೇ ಕಷ್ಟ. ಅದೇ ಕಾಲದ ಅಮೆರಿಕದ ಅಂತರ್ಯುದ್ಧದಲ್ಲೂ ಇದೇ ಕಾರಣಕ್ಕೆ ಸೇರಲು ಬಂದವರ ಮುಂದಿನ ಹಲ್ಲು ನೋಡುತ್ತಿದ್ದರು.

ತೋಟಾ ಬದಲಾಯಿತು, ತೊಂದರೆ ಹೋಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ತಿಂಗಳುಗಟ್ಟಲೆ ಕೂತ ಸೈನಿಕರ ಒಸಡು ಹುಣ್ಣಾಗಿ, ಕೊಳೆತು, ರಕ್ತ ಸೋರುತ್ತಿತ್ತು. ಅದಕ್ಕೆ 'ಟ್ರೆಂಚ್ ಮೌತ್' ಅನ್ನೋ ಹೆಸರೇ ಬಂತು. ಟೆನ್ಷನ್, ನಿದ್ದೆ ಇಲ್ಲ, ಸಿಗರೇಟು, ಬ್ರಷ್ ಮಾಡೋಕೆ ಜಾಗ ಇಲ್ಲ: ಎಲ್ಲಾ ಸೇರಿ ಹಾಗಾಗಿತ್ತು. ನಮ್ಮಲ್ಲಿ ಎರಡನೇ ಮಹಾಯುದ್ಧದ ನಡುವೆ, 1941ರ ಫೆಬ್ರವರಿ 1ರಂದು, ಆರ್ಮಿ ಡೆಂಟಲ್ ಕೋರ್ ಶುರುವಾಯಿತು. ಹಲ್ಲಿಗೇ ಅಂತ ಒಂದು ಪ್ರತ್ಯೇಕ ಕೋರ್!

ಬಾಯ್ಲ್ ನಿಯಮ ಬಾಯೊಳಗೆ

ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತೆ. ಸಿಯಾಚಿನ್‌ನಲ್ಲಿ ಅದಕ್ಕಿಂತ ಮೇಲೆ ಪೋಸ್ಟ್‌ಗಳಿವೆ. ಹುಳುಕಿನೊಳಗೆ ಅಥವಾ ಸರಿಯಾಗಿ ತುಂಬದ ಫಿಲ್ಲಿಂಗ್ ಕೆಳಗೆ ಗಾಳಿ ಸಿಕ್ಕಿಹಾಕಿಕೊಂಡಿದ್ದರೆ ಅದು ಹಿಗ್ಗಲು ನೋಡುತ್ತೆ. ಪಿ-ವಿ ಇಕ್ವೇಷನ್ ನೆನಪಿಸಿಕೊಳ್ಳಿ. ಆದರೆ ಹಲ್ಲು ಬಲೂನಲ್ಲ, ಹಿಗ್ಗಲ್ಲ. ಒತ್ತಡವೆಲ್ಲ ನರದ ಮೇಲೆ ಬೀಳುತ್ತೆ. ಇದಕ್ಕೆ ಬ್ಯಾರೊಡಾಂಟಾಲ್ಜಿಯ ಅಂತಾರೆ. ಎರಡನೇ ಮಹಾಯುದ್ಧದ ಪೈಲಟ್‌ಗಳನ್ನು ಕಾಡಿದ ನೋವು ಇದು. ಕೆಳಗೆ ಸುಮ್ಮನಿದ್ದ ಹುಳುಕು, ಡಾಕ್ಟರ್ ಸುಲಭಕ್ಕೆ ಸಿಗದ ಜಾಗದಲ್ಲೇ ಎದ್ದು ಕೂರುತ್ತೆ.

ಒಂದು ನೈಟ್ ಡ್ಯೂಟಿ, ಎಂಟು ಟೀ

ಪೊಲೀಸರ ಕಥೆಗೆ ಎತ್ತರ ಬೇಕಿಲ್ಲ, ಒಂದು ರಾತ್ರಿ ಸಾಕು. ನಿದ್ದೆ ತಡೆಯೋಕೆ ಮಾವ ಕುಡಿಯೋದು ಸಕ್ಕರೆ ಜಾಸ್ತಿ ಹಾಕಿದ ಟೀ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಆಸಿಡ್ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಖನಿಜ ಕರಗಲು ಶುರು. ಮತ್ತೆ ಜೊಲ್ಲು ಅದನ್ನು ಮೇಲೆತ್ತೋಕೆ ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತೆ. ಈಗ ಲೆಕ್ಕ ಹಾಕಿ: ಒಂದೇ ಸಲ ನಾಲ್ಕು ಚಮಚ ಸಕ್ಕರೆ ತಿಂದರೆ ಅರ್ಧ ಗಂಟೆ ದಾಳಿ. ಅದೇ ಸಕ್ಕರೆಯನ್ನು ಎಂಟು ಟೀಗಳಿಗೆ ಹಂಚಿ ರಾತ್ರಿಯೆಲ್ಲ ಕುಡಿದರೆ ನಾಲ್ಕು ಗಂಟೆ ದಾಳಿ! ಎಷ್ಟು ಸಕ್ಕರೆ ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದು ಮುಖ್ಯ. ಜತೆಗೆ ಬಿಸಿಲಲ್ಲಿ ನಿಂತು, ನೀರು ಕಮ್ಮಿ ಕುಡಿದು ಬಾಯಿ ಒಣಗಿದ್ದರೆ ಕಾಪಾಡಬೇಕಾದ ಜೊಲ್ಲೂ ಕಮ್ಮಿ. (ಎಕ್ಸಾಂ ಹಿಂದಿನ ರಾತ್ರಿ ನಾವೂ ಮಾಡೋದು ಇದನ್ನೇ.)

ಇನ್ನೊಂದು ಶತ್ರು ಗುಟ್ಕಾ. ಕರ್ನಾಟಕದಲ್ಲಿ 2013ರಲ್ಲೇ ಬ್ಯಾನ್ ಆಯಿತು. ಆದರೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ತಗೊಂಡು ಕೈಯಲ್ಲೇ ಬೆರೆಸಿದರೆ ಮುಗೀತು. ನಿದ್ದೆ ತಡೆಯುತ್ತೆ ಅಂತ ತುಂಬಾ ಜನ ಹಾಕ್ತಾರೆ. ಬರೀ ಅಡಿಕೆಯೇ ಕೆನ್ನೆಯ ಒಳಚರ್ಮವನ್ನು ನಾರುನಾರಾಗಿಸಿ ಬಿಗಿಯುತ್ತೆ, ಬಾಯಿ ತೆರೆಯೋದು ಕಮ್ಮಿಯಾಗುತ್ತಾ ಹೋಗುತ್ತೆ. ಈ ಕಾಯಿಲೆ ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಟೆಸ್ಟ್ ಸುಲಭ: ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ. ಸಾಮಾನ್ಯವಾಗಿ ಹಿಡಿಸಬೇಕು. ಹಿಡಿಸದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ನಮ್ಮ ಕಡೆ ನೀರು

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯವರ ಹಲ್ಲು ನೋಡಿದರೆ ಎಷ್ಟೋ ಜನಕ್ಕೆ ಹಳದಿ, ಕಂದು ಗೆರೆಗಳಿರುತ್ತವೆ. ಉಜ್ಜಲ್ಲ ಅಂತ ಬೈಯಬೇಡಿ. ಅದು ಬೋರ್‌ವೆಲ್ ನೀರಿನ ಫ್ಲೋರೈಡ್. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತೆ ಭಾರತೀಯ ಮಾನಕ. ಕೆರೆ ಬತ್ತಿ, ಬೋರ್ ಆಳಕ್ಕೆ ಹೋದಷ್ಟೂ ಗ್ರಾನೈಟ್ ಕಲ್ಲಿನ ಫ್ಲೋರೈಡ್ ನೀರಿಗೆ ಸೇರುತ್ತೆ. ಪಾವಗಡದಲ್ಲಂತೂ ಇದು ಹಳೇ ಗೋಳು. ಎನಾಮೆಲ್ ತಯಾರಾಗೋದು ಚಿಕ್ಕ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಆಗ ಕುಡಿದ ನೀರಿನ ಗುರುತು ಜೀವನಪೂರ್ತಿ ಉಳಿಯುತ್ತೆ, ಈಗ ಆರ್‌ಒ ನೀರು ಕುಡಿದರೂ ಹೋಗಲ್ಲ. ಕಲೆ ತೆಳುವಾಗಿದ್ದರೆ ನೋಡೋಕಷ್ಟೇ ತೊಂದರೆ. ಜಾಸ್ತಿಯಾದರೆ ಎನಾಮೆಲ್ಲೇ ಗುಳಿ ಬಿದ್ದು ಉದುರುತ್ತೆ.

ಹದಿನಾಲ್ಕು ಪಾಯಿಂಟ್

ಇಲ್ಲಿಂದ ನನಗೆ ವಿಷಯ ಸೀರಿಯಸ್ ಆಯಿತು. ಮಾವನ ಮಗನಿಗೆ ಹದಿನೆಂಟು ವರ್ಷ. ಬೆಳಗ್ಗೆ ಐದಕ್ಕೆ ಎದ್ದು ಓಡ್ತಾನೆ, ಆರ್ಮಿ ಸೇರಬೇಕು ಅಂತ. ಓಟ, ಎದೆ ಅಳತೆ ಎಲ್ಲಾ ಅವನಿಗೆ ಗೊತ್ತು. ಹಲ್ಲಿನ ಲೆಕ್ಕ ಗೊತ್ತಿರಲಿಲ್ಲ.

ಸೈನ್ಯ ಸೇರೋಕೆ ಕನಿಷ್ಠ 14 ಡೆಂಟಲ್ ಪಾಯಿಂಟ್ ಬೇಕು. ಲೆಕ್ಕ ಒಂಟಿ ಹಲ್ಲಿಗಲ್ಲ, ಜೋಡಿಗೆ. ಮೇಲಿನ ಹಲ್ಲಿಗೆ ಎದುರಾಗಿ ಕೆಳಗೆ ಗಟ್ಟಿ ಹಲ್ಲಿದ್ದರೆ ಮಾತ್ರ ಪಾಯಿಂಟ್. ಮುಂದಿನ ಆರು ಜೋಡಿ ಮತ್ತು ಚಿಕ್ಕ ದವಡೆಯ ನಾಲ್ಕು ಜೋಡಿಗೆ ಒಂದೊಂದು, ದೊಡ್ಡ ದವಡೆಯ ನಾಲ್ಕು ಜೋಡಿಗೆ ಎರಡೆರಡು. ಒಟ್ಟು 18. ಬುದ್ಧಿಹಲ್ಲೂ ಪೂರ್ತಿ ಬಂದಿದ್ದರೆ 22ರವರೆಗೆ ಹೋಗುತ್ತೆ. ಕಟ್ಟಿಸಿದ ಹಲ್ಲು ಸೆಟ್ಟಿಗೆ ಪಾಯಿಂಟ್ ಇಲ್ಲ.

ಮೊಬೈಲ್ ಟಾರ್ಚ್ ಹಾಕಿ ಅವನ ಬಾಯಿ ನೋಡಿದೆ. ಬುದ್ಧಿಹಲ್ಲು ಇನ್ನೂ ಬಂದಿಲ್ಲ, ಸೋ 18. ಹೈಸ್ಕೂಲಲ್ಲಿದ್ದಾಗ ಕೆಳಗಿನ ಎರಡು ದೊಡ್ಡ ದವಡೆ ಹಲ್ಲು ಕೀಳಿಸಿದ್ದ. ಹೋದದ್ದು ಎರಡು ಹಲ್ಲು, ಪಾಯಿಂಟ್ ಮಾತ್ರ ನಾಲ್ಕು. ಉಳಿದದ್ದು ಸರಿಯಾಗಿ 14. ಒಂದು ಚಿಕ್ಕ ದವಡೆ ಹಲ್ಲಲ್ಲಿ ಕಪ್ಪಗೆ ತೂತು ಬೇರೆ. "ಮುಂದಿನ ವಾರ ಕೀಳಿಸಿಬಿಡ್ತೀನಿ, ಕೀಳೋದಾದ್ರೆ ಖರ್ಚು ಕಮ್ಮಿ" ಅಂದ.

ಕಿತ್ತರೆ 13.

ಕಾಗದದಲ್ಲಿ ಬರೆದು ತೋರಿಸಿದೆ. ಸುಮಾರು ಹೊತ್ತು ಅವನು ಮಾತಾಡಲಿಲ್ಲ. ಮಾರನೇ ದಿನ ಬಸ್ ಹತ್ತಿ ತುಮಕೂರಿಗೆ ಹೋದೆವು. ತೂತು ಇನ್ನೂ ನರ ಮುಟ್ಟಿರಲಿಲ್ಲ, ಫಿಲ್ಲಿಂಗ್ ಸಾಕಾಯಿತು.

ಏನು ಮಾಡಬಹುದು?

ಹಲವು ದೇಶಗಳ ಸೈನ್ಯಗಳಲ್ಲಿ ಸೈನಿಕರನ್ನು ಹಲ್ಲಿನ ಪ್ರಕಾರ ನಾಲ್ಕು ಕ್ಲಾಸ್ ಮಾಡ್ತಾರೆ. ಒಂದು, ಎಲ್ಲಾ ಸರಿ. ಎರಡು, ಚಿಕಿತ್ಸೆ ಬೇಕು, ಆದರೆ ಅರ್ಜೆಂಟಿಲ್ಲ. ಮೂರು, ವರ್ಷದೊಳಗೆ ನೋವು ಬರೋ ಸಾಧ್ಯತೆ ಜಾಸ್ತಿ. ನಾಲ್ಕು, ತಪಾಸಣೆಯೇ ಆಗಿಲ್ಲ. ಮೂರನೇ ಕ್ಲಾಸಿನವರನ್ನು ಮೊದಲು ಸರಿಮಾಡಿ ಆಮೇಲೆ ದೂರದ ಡ್ಯೂಟಿಗೆ ಕಳಿಸೋದು ಇದರ ಉದ್ದೇಶ. ನಾವು ಮೆಷಿನ್‌ಗೆ ಮಾಡೋ ಪ್ರಿವೆಂಟಿವ್ ಮೇಂಟೆನೆನ್ಸ್ ಇದೇ ತಾನೇ?

ನಮ್ಮ ರಾಜ್ಯದ ಪೊಲೀಸರಿಗೆ ಆರೋಗ್ಯ ಭಾಗ್ಯ ಅನ್ನೋ ಯೋಜನೆ ಇದೆ. ಆದರೆ ಯಾವ ಯೋಜನೆ ಇದ್ದರೂ ಆಸ್ಪತ್ರೆಗೆ ಹೋಗೋಕೆ ಅರ್ಧ ದಿನ ಬಿಡುವು ಬೇಕು. ವರ್ಷಕ್ಕೊಮ್ಮೆ ಹಲ್ಲಿನ ತಪಾಸಣೆಯನ್ನೂ ಡ್ಯೂಟಿ ಅಂತಲೇ ಬರೆದುಬಿಟ್ಟರೆ ಯಾರೂ ರಜೆ ಕೇಳಬೇಕಾಗಿಲ್ಲ, ಯಾರೂ ನಗೋದಿಲ್ಲ. ಇದು ನನ್ನ ಅಭಿಪ್ರಾಯ.

ಮನೆಯಲ್ಲಿ ಖಾಕಿ ಹಾಕೋರು ಇದ್ದರೆ ಇಷ್ಟು ಹೇಳಿ: ಟೀ ಕುಡಿದ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಿ. ಸಕ್ಕರೆ ಕಮ್ಮಿ ಮಾಡಿ, ಆಗದಿದ್ದರೆ ಟೀ ಸಂಖ್ಯೆ ಕಮ್ಮಿ ಮಾಡಿ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಮಲಗೋ ಮುಂಚೆಯೂ ಬ್ರಷ್ ಮಾಡಿ. ದೊಡ್ಡವರಿಗೆ ಫ್ಲೋರೈಡ್ ಪೇಸ್ಟ್‌ನಿಂದ ಹೊಸ ಕಲೆ ಬರಲ್ಲ, ಹೆದರಬೇಡಿ. ಕೀಳಿಸೋ ಮುಂಚೆ ಉಳಿಸಬಹುದಾ ಅಂತ ಕೇಳಿ.

ಮಾವ ಡಾಕ್ಟರ್ ಹತ್ತಿರ ಹೋದದ್ದು ಗಣೇಶ ಹಬ್ಬದ ಬಂದೋಬಸ್ತೂ ಮುಗಿದ ಮೇಲೆ. ಅಷ್ಟೊತ್ತಿಗೆ ಹಲ್ಲು ಉಳಿಯುವ ಹಾಗಿರಲಿಲ್ಲ, ತೆಗೆದರು. ಈಗ ಆರಾಮಾಗಿದಾರೆ, ಎಡಗಡೆಯಿಂದ ಅಗಿಯೋದು ಅಭ್ಯಾಸವಾಗಿದೆ. ಅವರ ಮಗ ಮಾತ್ರ ಐದಕ್ಕೆ ಎದ್ದವನು ಓಡೋಕೆ ಮುಂಚೆ ಎರಡು ನಿಮಿಷ ಬ್ರಷ್ ಮಾಡ್ತಾನಂತೆ. ಅತ್ತೆ ಫೋನ್ ಮಾಡಿ ಹೇಳಿದರು.