ಸ್ತನ ಕ್ಯಾನ್ಸರ್: ಆಪರೇಷನ್ ಆದ ಮೇಲೂ ‘ಕರೆಂಟು’ ಏಕೆ?

“ಗಡ್ಡಿ ತೆಗದು ಹಾಕ್ಯಾರಲ್ಲರೀ ಸಾಹೇಬ್ರ, ಮತ್ಯಾಕ ಕರೆಂಟು?”

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದ ಮಹಿಳೆಯರೂ ಅವರ ಮನೆಯವರೂ ವೈದ್ಯರ ಮುಂದೆ ಇಡುವ ಪ್ರಶ್ನೆ ಇದು. ಹೊಲಿಗೆ ಬಿಚ್ಚಿದ್ದಾಯಿತು, ಗಾಯ ಒಣಗಿತು, ನೋವೂ ಇಲ್ಲ. ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬರುತ್ತದೆ, ಇಲ್ಲವೆ ಮನೆಯಲ್ಲೊಂದು ಮದುವೆ. ‘ಇದೊಂದು ಮುಗಿಯಲಿ, ಆಮೇಲೆ ನೋಡೋಣ’ ಎಂದು ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ ದೇವರ ಜಗಲಿಯ ಮೇಲೆ ಉಳಿದುಬಿಡುತ್ತದೆ. ಹೀಗೆ ಉಳಿದ ಚೀಟಿ ಮುಂದೆ ಬಹಳ ದುಬಾರಿಯಾಗಬಹುದು. ಆದ್ದರಿಂದ ಈ ವಾರ ವಿಕಿರಣ ಚಿಕಿತ್ಸೆಯ ಬಗ್ಗೆ ತಿಳಿದುಕೊಳ್ಳೋಣ.

ಇದು ವಿದ್ಯುತ್ ಅಲ್ಲ

ಜನ ‘ಕರೆಂಟು ಕೊಡುವುದು’ ಎಂದು ಕರೆಯುವ ಈ ಚಿಕಿತ್ಸೆಯಲ್ಲಿ ದೇಹಕ್ಕೆ ವಿದ್ಯುತ್ ಹರಿಸುವುದಿಲ್ಲ. ಎದೆಯ ಫೋಟೋ ತೆಗೆಯಲು ಬಳಸುವ ಕ್ಷ-ಕಿರಣಗಳಿಗಿಂತ ಎಷ್ಟೋ ಪಟ್ಟು ಶಕ್ತಿಯುಳ್ಳ ಕಿರಣಗಳನ್ನು ಅಳತೆ ಮಾಡಿ, ಗೊತ್ತಾದ ಜಾಗಕ್ಕೆ ಮಾತ್ರ ಹಾಯಿಸುತ್ತಾರೆ. ಕಿರಣ ತಾಗಿದ ಕ್ಯಾನ್ಸರ್ ಜೀವಕೋಶಗಳ ಒಳಗಿನ ವಂಶವಾಹಿ ತಂತುಗಳು ತುಂಡಾಗುತ್ತವೆ. ಆ ಕೋಶಗಳು ಮತ್ತೆ ಒಡೆದು ಎರಡಾಗಲಾರದೆ ಕ್ರಮೇಣ ಸಾಯುತ್ತವೆ. ಸುತ್ತಲಿನ ಆರೋಗ್ಯವಂತ ಕೋಶಗಳಿಗೂ ಸ್ವಲ್ಪ ಪೆಟ್ಟು ಬೀಳುತ್ತದೆ, ಆದರೆ ಅವು ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ. ಒಂದೇ ದಿನ ಪೂರ್ತಿ ಪ್ರಮಾಣ ಕೊಡದೆ, ದಿನಕ್ಕಿಷ್ಟು ಎಂದು ಹಂಚಿಕೊಡುವುದು ಇದೇ ಕಾರಣಕ್ಕೆ.

ಯಂತ್ರದ ಕೆಳಗೆ ಮಲಗುವಾಗ ನೋವಿಲ್ಲ, ಉರಿಯಿಲ್ಲ, ಶಾಕ್ ಹೊಡೆಯುವುದಿಲ್ಲ. ಕೆಲವೇ ನಿಮಿಷಗಳ ಕೆಲಸ. ಹೊರಗಿನಿಂದ ಕೊಡುವ ಈ ಕಿರಣಗಳು ಮೈಯಲ್ಲಿ ಉಳಿಯುವುದೂ ಇಲ್ಲ. ಚಿಕಿತ್ಸೆ ಪಡೆಯುತ್ತಿರುವ ತಾಯಿ ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಆಕೆಯನ್ನು ಬೇರೆ ಕೋಣೆಯಲ್ಲಿ ಇಡುವ ಅಗತ್ಯವಿಲ್ಲ.

‘ಹರಡಿದೆ’ ಎಂದರೆ ಎಲ್ಲಿಗೆ?

ವೈದ್ಯರು ‘ಹರಡಿದೆ’ ಎಂದ ಕೂಡಲೇ ಅನೇಕ ಕುಟುಂಬಗಳು ಕೈಚೆಲ್ಲುತ್ತವೆ. ಆದರೆ ಈ ಮಾತಿಗೆ ಎರಡು ಅರ್ಥಗಳಿವೆ. ಎರಡರ ನಡುವೆ ಭಾರಿ ಅಂತರವಿದೆ.

ಮೊದಲನೆಯದು, ಸ್ತನದಿಂದ ಕಂಕುಳಿನ ಗ್ರಂಥಿಗಳಿಗೆ ಹರಡಿರುವುದು. ಇದು ಇನ್ನೂ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡಬಹುದಾದ ಹಂತ. ಎರಡನೆಯದು, ಮೂಳೆ, ಶ್ವಾಸಕೋಶ, ಲಿವರ್ ಅಥವಾ ಮಿದುಳಿನಂತಹ ದೂರದ ಅಂಗಗಳಿಗೆ ಹರಡಿರುವುದು. ಇಲ್ಲಿ ರೋಗವನ್ನು ಪೂರ್ತಿ ನಿರ್ಮೂಲ ಮಾಡುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಆದರೂ ರೋಗವನ್ನು ಹಿಡಿತದಲ್ಲಿಟ್ಟು, ನೋವಿಲ್ಲದೆ ಬದುಕಲು ನೆರವಾಗುವ ಚಿಕಿತ್ಸೆಗಳಿವೆ. ವಿಕಿರಣ ಎರಡೂ ಕಡೆ ಬಳಕೆಯಾಗುತ್ತದೆ, ಕೆಲಸ ಮಾತ್ರ ಬೇರೆ ಬೇರೆ.

ಕಂಕುಳಿಗೆ ಹರಡಿದ್ದರೆ

ಶಸ್ತ್ರಚಿಕಿತ್ಸಕರು ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕದ್ದನ್ನು ತೆಗೆಯುತ್ತಾರೆ. ಎದೆಗೋಡೆಯ ಚರ್ಮದ ಕೆಳಗೆ, ಕತ್ತಿನ ಎಲುಬಿನ ಹಿಂದೆ ಬೆರಳೆಣಿಕೆಯ ಜೀವಕೋಶಗಳು ಉಳಿದಿದ್ದರೆ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಹೊಲದಲ್ಲಿ ಕಸ ಕಿತ್ತ ಮೇಲೂ ಮಣ್ಣಿನಲ್ಲಿ ಕರಿಕೆಯ ಬೇರು ಉಳಿದಂತೆ. ಆ ಬೇರನ್ನು ಸುಡುವುದೇ ವಿಕಿರಣದ ಕೆಲಸ.

ಇದಕ್ಕೆ ಗಟ್ಟಿಯಾದ ಆಧಾರವಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ತನವನ್ನು ಪೂರ್ತಿ ತೆಗೆಸಿಕೊಂಡಿದ್ದು, ಕಂಕುಳಿನ ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗವಿದ್ದ ಮಹಿಳೆಯರ ಲೆಕ್ಕವನ್ನು ನೋಡಿ. ವಿಕಿರಣ ಪಡೆಯದಿದ್ದವರಲ್ಲಿ ಹತ್ತು ವರ್ಷಗಳೊಳಗೆ ನೂರಕ್ಕೆ ಸುಮಾರು 20 ಮಂದಿಗೆ ಎದೆ ಅಥವಾ ಕಂಕುಳಿನ ಭಾಗದಲ್ಲಿ ರೋಗ ಮರುಕಳಿಸಿತ್ತು. ಪಡೆದವರಲ್ಲಿ ಆ ಸಂಖ್ಯೆ ಸುಮಾರು 4. ಇಪ್ಪತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದ ಆದ ಸಾವು ನೂರಕ್ಕೆ ಸುಮಾರು 50ರಿಂದ 42ಕ್ಕೆ ಇಳಿದಿತ್ತು. ಅಂದರೆ ನೂರು ಮನೆಗಳಲ್ಲಿ ಎಂಟು ಮನೆಗಳ ತಾಯಂದಿರು ಉಳಿದಂತೆ.

ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸಿದ್ದರೆ, ಕಂಕುಳಿಗೆ ಹರಡದಿದ್ದರೂ ಸಾಮಾನ್ಯವಾಗಿ ವಿಕಿರಣ ಬೇಕಾಗುತ್ತದೆ. ಗಾಯ ಒಣಗಿದ ಕೆಲವು ವಾರಗಳಲ್ಲಿ, ಕಿಮೊಥೆರಪಿ ಇದ್ದರೆ ಅದು ಮುಗಿದ ಬಳಿಕ ವಿಕಿರಣ ಆರಂಭವಾಗಬೇಕು. ತಿಂಗಳುಗಟ್ಟಲೆ ಮುಂದೂಡಿದರೆ ಅದರ ಪ್ರಯೋಜನ ಕಡಿಮೆಯಾಗುತ್ತದೆ.

ದೂರದ ಅಂಗಗಳಿಗೆ ಹರಡಿದ್ದರೆ

ರೋಗ ಪತ್ತೆಯಾಗುವಾಗಲೇ ಮೂಳೆಗೋ ಲಿವರ್‌ಗೋ ಹರಡಿದ್ದರೆ, ‘ಮೊದಲು ಗಡ್ಡೆ ತೆಗೆಸಿಬಿಡೋಣ, ಹೊಲ ಮಾರಿದರೂ ಸರಿ’ ಎಂದು ಮನೆಯವರು ಧಾವಿಸುವುದುಂಟು. ಅವರ ಪ್ರೀತಿ ದೊಡ್ಡದು. ಆದರೆ ಹೊಲ ಮಾರುವ ಮೊದಲು ಒಂದು ಸಂಗತಿ ತಿಳಿದಿರಲಿ.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು 2005ರಿಂದ 2013ರವರೆಗೆ ಇಂತಹ 350 ಮಹಿಳೆಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಅರ್ಧದಷ್ಟು ಮಂದಿಗೆ ಸ್ತನ ಮತ್ತು ಕಂಕುಳಿನ ಶಸ್ತ್ರಚಿಕಿತ್ಸೆ ಮಾಡಿ, ನಂತರ ವಿಕಿರಣ ಕೊಡಲಾಯಿತು. ಉಳಿದವರಿಗೆ ಅವೆರಡನ್ನೂ ಮಾಡಲಿಲ್ಲ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 41.9, ಎರಡನೆಯದರಲ್ಲಿ ಶೇಕಡಾ 43. ಅಂದರೆ ಸ್ತನಕ್ಕೆ ಕೊಟ್ಟ ಈ ಚಿಕಿತ್ಸೆಯಿಂದ ಆಯುಷ್ಯ ಹೆಚ್ಚಲಿಲ್ಲ. ಅಮೆರಿಕದಲ್ಲಿ ನಂತರ ನಡೆದ ಅಧ್ಯಯನವೂ ಇದೇ ಮಾತನ್ನು ಹೇಳಿತು.

ಹಾಗಾದರೆ ಇವರಿಗೆ ಚಿಕಿತ್ಸೆಯೇ ಇಲ್ಲವೆ? ಖಂಡಿತ ಇದೆ. ಇಡೀ ದೇಹಕ್ಕೆ ತಲಪುವ ಔಷಧಗಳು, ಅಂದರೆ ಹಾರ್ಮೋನ್ ಮಾತ್ರೆ, ಕಿಮೊಥೆರಪಿ ಮುಂತಾದವು ಇಲ್ಲಿ ಮುಖ್ಯ. ಯಾವುದು ಸೂಕ್ತ ಎಂಬುದನ್ನು ಬಯಾಪ್ಸಿ ವರದಿ ತಿಳಿಸುತ್ತದೆ. ಸ್ತನದ ಗಡ್ಡೆ ಒಡೆದು ಹುಣ್ಣಾಗಿದ್ದರೆ, ರಕ್ತ ಸೋರುತ್ತಿದ್ದರೆ, ದುರ್ವಾಸನೆಯಿಂದ ಆಕೆ ಮೂಲೆ ಹಿಡಿದಿದ್ದರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ದೊಡ್ಡ ಉಪಕಾರ ಮಾಡುತ್ತದೆ. ಹರಡಿರುವುದು ಒಂದೆರಡು ಕಡೆ ಮಾತ್ರವಾದರೆ ಕ್ಯಾನ್ಸರ್ ತಜ್ಞರು ಬೇರೆ ತೀರ್ಮಾನ ತೆಗೆದುಕೊಳ್ಳಲೂಬಹುದು.

ಮೂಳೆಯ ನೋವಿಗೆ ಒಂದು ದಿನದ ಚಿಕಿತ್ಸೆ

ಸ್ತನ ಕ್ಯಾನ್ಸರ್ ಹೆಚ್ಚಾಗಿ ಹರಡುವ ಜಾಗ ಮೂಳೆ. ಸೊಂಟ, ಬೆನ್ನು, ತೊಡೆಗಳಲ್ಲಿ ರಾತ್ರಿ ನಿದ್ದೆಗೆಡಿಸುವ ನೋವು ಬರುತ್ತದೆ. ಇದನ್ನು ವಾತವೆಂದು ತಿಳಿದು ಎಣ್ಣೆ ತಿಕ್ಕಿಸುತ್ತ ಕೂರಬಾರದು. ಇಂತಹ ಜಾಗಕ್ಕೆ 8 ಗ್ರೇ ಪ್ರಮಾಣದ ವಿಕಿರಣವನ್ನು ಒಂದೇ ಸಲ ಕೊಟ್ಟರೂ, ಹಲವು ದಿನ ಹಂಚಿಕೊಟ್ಟಷ್ಟೇ ನೋವು ಇಳಿಯುತ್ತದೆಂದು ಅನೇಕ ಅಧ್ಯಯನಗಳು ತೋರಿಸಿವೆ. ನೂರರಲ್ಲಿ ಸುಮಾರು 60 ಮಂದಿಗೆ ಕೆಲವು ದಿನಗಳಿಂದ ಮೂರು-ನಾಲ್ಕು ವಾರಗಳೊಳಗೆ ಆರಾಮ ಸಿಗುತ್ತದೆ. ನೋವು ಮರಳಿದರೆ ಇನ್ನೊಮ್ಮೆ ಕೊಡಬಹುದು. ಬೆಳಿಗ್ಗೆಯ ಬಸ್ಸು ಹಿಡಿದು ದೂರದಿಂದ ಬರುವ ರೋಗಿಗೆ ಇದೊಂದು ವರವೇ ಸರಿ. ಅಲ್ಲಿಯವರೆಗೆ ನೋವಿಗೆ ಮಾತ್ರೆ ಬೇಕು, ಅಗತ್ಯವಿದ್ದರೆ ಮಾರ್ಫಿನ್ ಕೂಡ. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಅದಕ್ಕೆ ಹೆದರಬೇಕಿಲ್ಲ.

ಟೊಳ್ಳಾದ ತೊಡೆಯ ಮೂಳೆ ಮುರಿದರೆ ಅಥವಾ ಮುರಿಯುವಂತಿದ್ದರೆ ಒಳಗೆ ರಾಡ್ ಹಾಕುತ್ತಾರೆ. ರಾಡ್ ಮೂಳೆಯನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಒಳಗಿನ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಆದ್ದರಿಂದ ಗಾಯ ಒಣಗಿದ ಮೇಲೆ ಅಲ್ಲಿಗೂ ವಿಕಿರಣ ಬೇಕು. ಮಿದುಳು ಅಥವಾ ಬೆನ್ನುಮೂಳೆಗೆ ಹರಡಿದ ಗಡ್ಡೆಯನ್ನು ತೆಗೆದಾಗಲೂ ಸಾಮಾನ್ಯವಾಗಿ ಇದೇ ಕ್ರಮ.

ಒಂದು ಎಚ್ಚರಿಕೆ: ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಬೆನ್ನುನೋವಿನ ಜೊತೆಗೆ ಕಾಲುಗಳಲ್ಲಿ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅದು ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ. ಆ ದಿನವೇ ದೊಡ್ಡಾಸ್ಪತ್ರೆಗೆ ಹೊರಡಬೇಕು. ಕಾಲು ಪೂರ್ತಿ ಬಿದ್ದ ಮೇಲೆ ಮತ್ತೆ ನಡೆಯುವಂತೆ ಮಾಡುವುದು ಬಹಳ ಕಷ್ಟ.

ಚಿಕಿತ್ಸೆಯ ದಿನಗಳು

ಶಸ್ತ್ರಚಿಕಿತ್ಸೆಯ ನಂತರ ಎದೆಗೆ ಕೊಡುವ ವಿಕಿರಣಕ್ಕೆ ಹಿಂದೆ ಐದಾರು ವಾರ ಹಿಡಿಯುತ್ತಿತ್ತು. ಈಗ ಅನೇಕರಿಗೆ ವಾರಕ್ಕೆ ಐದು ದಿನದಂತೆ ಮೂರು ವಾರ, ಒಟ್ಟು 15 ಸಲ ಸಾಕಾಗುತ್ತದೆ. ಆಯ್ದ ಕೆಲವರಿಗೆ ಒಂದೇ ವಾರದಲ್ಲಿ ಮುಗಿಸುವ ಕ್ರಮವೂ ಬಂದಿದೆ. ನಿಮಗೆ ಎಷ್ಟು ದಿನ ಬೇಕೆಂಬುದನ್ನು ತಜ್ಞರು ನಿರ್ಧರಿಸುತ್ತಾರೆ.

ಯಂತ್ರದ ಕೆಳಗೆ ಕೈಯನ್ನು ತಲೆಯ ಮೇಲೆತ್ತಿ ಮಲಗಬೇಕು. ಆಪರೇಷನ್ ಆದ ಮೇಲೆ ಕೈ ಆಡಿಸದೆ ಇದ್ದರೆ ಭುಜ ಬಿಗಿದುಕೊಂಡು ಇದು ಆಗುವುದಿಲ್ಲ. ವೈದ್ಯರು ಒಪ್ಪಿದ ದಿನದಿಂದಲೇ ಗೋಡೆಯ ಮೇಲೆ ಬೆರಳುಗಳನ್ನು ನಿಧಾನವಾಗಿ ಮೇಲಕ್ಕೆ ನಡೆಸುವ ವ್ಯಾಯಾಮ ಮಾಡಿ.

ಚರ್ಮ ಕಪ್ಪಾಗುವುದು, ತುರಿಕೆ, ಸುಸ್ತು ಸಾಮಾನ್ಯ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇವು ಇಳಿಯುತ್ತವೆ. ಎದೆಗೆ ಕೊಟ್ಟ ವಿಕಿರಣದಿಂದ ತಲೆಗೂದಲು ಉದುರುವುದಿಲ್ಲ. ಮೈಮೇಲೆ ಹಾಕಿದ ಗುರುತುಗಳನ್ನು ತಿಕ್ಕಿ ಅಳಿಸಬೇಡಿ. ಆ ಜಾಗಕ್ಕೆ ಅರಿಶಿನ, ಎಣ್ಣೆ, ಪೌಡರ್, ನಾಟಿ ಮುಲಾಮು ಹಚ್ಚಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಸಡಿಲವಾದ ಹತ್ತಿ ಬಟ್ಟೆ ಧರಿಸಿ. ನಮ್ಮ ಕಡೆಯ ಬೇಸಿಗೆಯ ಬಿಸಿಲು ಆ ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಿ. ಪಥ್ಯದ ಹೆಸರಿನಲ್ಲಿ ಉಪವಾಸ ಬೇಡ. ರೊಟ್ಟಿ, ಬೇಳೆ, ಪುಂಡಿಪಲ್ಯ, ಹಾಲು, ಮೊಟ್ಟೆ ಎಲ್ಲ ತಿನ್ನಬಹುದು.

ಒಣಕೆಮ್ಮು, ಉಸಿರಾಟದ ತೊಂದರೆ ಅಥವಾ ಕೈ ಊತ ಕಾಣಿಸಿಕೊಂಡರೆ ವೈದ್ಯರಿಗೆ ತಿಳಿಸಿ. ಇವು ತಿಂಗಳುಗಳ ನಂತರವೂ ಬರಬಹುದು. ಗರ್ಭಿಣಿ ಇರಬಹುದೆಂಬ ಸಂಶಯವಿದ್ದರೆ ಚಿಕಿತ್ಸೆಗೆ ಮೊದಲೇ ಹೇಳಬೇಕು.

ಎಲ್ಲಿಗೆ ಹೋಗಬೇಕು, ಖರ್ಚು ಹೇಗೆ?

ಈ ಚಿಕಿತ್ಸೆಗೆ ನಮ್ಮವರು ಜಿಲ್ಲೆಯ ಹೊರಗೆ ಹೋಗಬೇಕು. ಯಾದಗಿರಿಯಿಂದ ಸುಮಾರು 80 ಕಿ.ಮೀ. ದೂರದ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಮೂಲ ಕಿದ್ವಾಯಿ ಸಂಸ್ಥೆಗೂ, ಹೈದರಾಬಾದ್, ಸೊಲ್ಲಾಪುರಗಳಿಗೂ ಹೋಗುವವರಿದ್ದಾರೆ.

ಬಡ ಕುಟುಂಬಗಳಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸಾ ವೆಚ್ಚ ಭರಿಸುವ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ. 2018ರಲ್ಲಿ ಅದು ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿತು. ಈಗಿನ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಶಿಫಾರಸು ಪತ್ರ ಪಡೆಯಿರಿ. ರೇಷನ್ ಕಾರ್ಡ್, ಆಧಾರ್, ಆಪರೇಷನ್ ಮತ್ತು ಬಯಾಪ್ಸಿ ವರದಿಗಳು ಒಂದೇ ಚೀಲದಲ್ಲಿರಲಿ. ಹೊರರಾಜ್ಯಕ್ಕೆ ಹೋಗುವುದಾದರೆ ಯೋಜನೆ ಅಲ್ಲಿ ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ. 2023ರ ಜೂನ್‌ನಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಇದೆ. ಅದಕ್ಕೆ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ತಜ್ಞರ ಮುಂದೆ ಕುಳಿತಾಗ ಮೂರು ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ರೋಗ ಎಲ್ಲಿಯವರೆಗೆ ಹರಡಿದೆ? ಈ ವಿಕಿರಣ ಗುಣಪಡಿಸಲಿಕ್ಕೋ, ನೋವು ಇಳಿಸಲಿಕ್ಕೋ? ಒಟ್ಟು ಎಷ್ಟು ದಿನ ಬರಬೇಕು? ಉತ್ತರ ಕೇಳಲು ಗಂಡನೋ ಮಗನೋ ಒಬ್ಬನೇ ಒಳಗೆ ಹೋಗಬಾರದು. ಆಕೆಯೂ ಜೊತೆಗಿರಬೇಕು, ಅದು ಆಕೆಯ ದೇಹ.

ಆರಂಭಿಸಿದ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಕೊಟ್ಟಷ್ಟರ ಫಲವೂ ಪೂರ್ತಿ ಸಿಗುವುದಿಲ್ಲ. ಹತ್ತಿ ಬಿಡಿಸಲು ಆಳು ಸಿಕ್ಕಾರು, ಮನೆಯ ಅಡುಗೆಯನ್ನು ಮೂರು ವಾರ ಅತ್ತೆಯೋ ನಾದಿನಿಯೋ ನೋಡಿಕೊಂಡಾರು. ಜಗಲಿಯ ಮೇಲೆ ಅಂತಹ ಚೀಟಿಯೊಂದು ಉಳಿದಿದ್ದರೆ ಇವತ್ತೇ ತೆಗೆದು, ಅದರಲ್ಲಿ ಬರೆದ ತಾರೀಖು ನೋಡಿ. ದಾಟಿಹೋಗಿದ್ದರೂ ನಾಚಬೇಡಿ, ನಾಳೆಯೇ ಹೊರಡಿ.