ತಿತಿಮತಿಯ ನುಡಿಗಳೂ ಮೈಸೂರಿನ ವಿದ್ಯಾಪೀಠವೂ

ಮೈಸೂರಿನಿಂದ ಹುಣಸೂರನ್ನು ದಾಟಿ ಗೋಣಿಕೊಪ್ಪಲಿಗೆ ಹೋಗುವ ಮಾರ್ಗದಲ್ಲಿ, ನಾಗರಹೊಳೆಯ ಅರಣ್ಯವು ಹಿಂದೆ ಸರಿದು ಕಾಫಿಯ ತೋಟಗಳು ಮೊದಲಾಗುವೆಡೆಯಲ್ಲಿ, ತಿತಿಮತಿಯೆಂಬ ಸಣ್ಣ ಪೇಟೆಯಿದೆ. ಬಸ್ಸು ಅಲ್ಲಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರಲ್ಲಿಯೇ, ಕಿವಿಯನ್ನು ತೆರೆದಿಟ್ಟುಕೊಂಡ ಪ್ರಯಾಣಿಕನಿಗೆ ಕನ್ನಡ, ಕೊಡವ ತಕ್ಕ್, ಮಲೆಯಾಳ, ಎರವರ ಭಾಷೆ, ಜೇನುಕುರುಬರ ನುಡಿ ಇವೆಲ್ಲವೂ ಕೇಳಿಬರುವುದುಂಟು. ನಾಲ್ಕು ಭಾಷೆಗಳನ್ನು ಬಲ್ಲವನನ್ನು ಪಟ್ಟಣದಲ್ಲಿ ನಾವು ಪಂಡಿತನೆಂದು ಗೌರವಿಸುತ್ತೇವೆ. ತಿತಿಮತಿಯಲ್ಲಿ ಅವನು ಚಹದ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದರೂ ಆಶ್ಚರ್ಯವಿಲ್ಲ.

ವಿಶ್ವವಿದ್ಯಾಲಯದ ವ್ಯಾಸಂಗವೆಂದರೆ ಪರಭಾಷೆ, ಪರಜನ, ಪರಾಚಾರಗಳ ಪರಿಚಯದಿಂದ ತರುಣರ ಮನಸ್ಸು ವಿಸ್ತಾರವಾಗುವ ಕಾಲವೆಂದು ಘಟಿಕೋತ್ಸವಗಳಲ್ಲಿ ಹೇಳುವುದು ವಾಡಿಕೆಯಾಗಿದೆ. ಮಾತು ಸುಳ್ಳಲ್ಲ. ಆದರೆ ಪರಭಾಷೆಯೆಂದೊಡನೆ ನಮ್ಮ ಕಣ್ಣು ಸಮುದ್ರದಾಚೆಗೆ ಹೋಗುತ್ತದೆ. ಮನೆಯ ಹಿತ್ತಲಿನಲ್ಲಿ ಆಡುತ್ತಿರುವ ಭಾಷೆಯು ಲೆಕ್ಕಕ್ಕೆ ಬರುವುದಿಲ್ಲ. ಈ ಲೋಪದ ವಿಷಯದಲ್ಲಿ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ.

ತಿತಿಮತಿಯ ಸಮೀಪದ ಕೊಡವ ಮನೆತನದ ಒಬ್ಬ ತರುಣಿ ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಆಕೆಯೊಡನೆ ಬಸ್ಸಿನಲ್ಲಿ ಮಾತನಾಡುವ ಸಂದರ್ಭವು ನಮಗೊದಗಿತು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಗುರುಗಳು ನರಿಯೂ ದ್ರಾಕ್ಷಿಯೂ ಎಂಬ ಕಥೆಯನ್ನು ಹೇಳಿದರಂತೆ. ಕೊಡವ ತಕ್ಕಿನಲ್ಲಿ ‘ನರಿ’ ಎಂದರೆ ಹುಲಿ; ಹುಲಿಯನ್ನು ಕೊಂದ ವೀರನಿಗೆ ಹಿಂದೆ ನಡೆಸುತ್ತಿದ್ದ ಉತ್ಸವಕ್ಕೆ ‘ನರಿ ಮಂಗಲ’ವೆಂದೇ ಹೆಸರು. ಹುಲಿಯು ದ್ರಾಕ್ಷಿಗೇಕೆ ಹಾರಬೇಕೆಂದು ಮಗುವು ಕೇಳಿತು. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಶಾಲೆಯಲ್ಲಿ ಮನೆಮಾತನ್ನು ಆಡಬಾರದೆಂದು ತಾನೇ ನಿಶ್ಚಯಿಸಿಕೊಂಡೆನೆಂದು ಆಕೆ ಹೇಳಿದಳು.

ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ಆಕೆಯ ಕೊಠಡಿಗೆ ವಿಜಯಪುರದ ಕಡೆಯ ಹುಡುಗಿಯೊಬ್ಬಳು ಬಂದಳು. “ಏನ್ ಮಾಡಾಕತ್ತೀ?” ಎಂಬ ಆಕೆಯ ಪ್ರಶ್ನೆಗೆ ಮೊದಲ ದಿನ ಉತ್ತರವೇ ಹೊರಡಲಿಲ್ಲವಂತೆ. ಕನ್ನಡವೊಂದೇ ಎಂದು ತಿಳಿದಿದ್ದವಳಿಗೆ ಕನ್ನಡದೊಳಗೇ ಹಲವು ಕನ್ನಡಗಳಿವೆಯೆಂಬುದು ಹೀಗೆ ಗೊತ್ತಾಯಿತು. ಬಳಿಕ ತರಗತಿಯಲ್ಲಿ ಪಂಪನ ವ್ಯಾಸಂಗ ಮೊದಲಾಯಿತು. ಹಾಲಿಗೆ ‘ಪಾಲ್’, ಹಲ್ಲಿಗೆ ‘ಪಲ್’, ಹತ್ತಕ್ಕೆ ‘ಪತ್ತು’ ಎಂದು ಉಳಿದವರು ಅರ್ಥಕೋಶವನ್ನು ತೆರೆಯುತ್ತಿರುವಾಗ, ಇದು ನಮ್ಮ ಅಜ್ಜಿಯ ಮಾತಲ್ಲವೇ ಎಂದು ಈಕೆ ಬೆರಗಾದಳು. ಕನ್ನಡದಲ್ಲಿ ಪಕಾರವು ಕಾಲಾಂತರದಲ್ಲಿ ಹಕಾರವಾಯಿತು. ಕೊಡವ ನುಡಿಯು ಅದನ್ನು ಹಾಗೆಯೇ ಉಳಿಸಿಕೊಂಡಿತು. ಶಾಲೆಯಲ್ಲಿ ನಗೆಗೀಡಾದ ಮಾತು ವಿದ್ಯಾಪೀಠದಲ್ಲಿ ಸಾವಿರ ವರ್ಷದ ಕಾವ್ಯಕ್ಕೆ ಕೀಲಿಕೈಯಾದುದನ್ನು ಕಂಡು ಆಕೆಗಾದ ಸಂತೋಷವನ್ನು ನಾವು ವರ್ಣಿಸಲಾರೆವು.

ಈ ನುಡಿಯನ್ನು ಅರಸಿ ಭೂಮಿಯ ಮತ್ತೊಂದು ಅಂಚಿನಿಂದ ಬಂದವರಿದ್ದರು. ಕೆನಡಾ ದೇಶದ ನೋವಾ ಸ್ಕೋಷಿಯದಲ್ಲಿ 1904ರಲ್ಲಿ ಜನಿಸಿದ ಮರ್ರೆ ಬಿ. ಎಮೆನೋ ಅವರು ಆಕ್ಸ್‌ಫರ್ಡಿನಲ್ಲಿಯೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿಯೂ ಗ್ರೀಕ್, ಲ್ಯಾಟಿನ್, ಸಂಸ್ಕೃತಗಳನ್ನು ಓದಿದ ವಿದ್ವಾಂಸರು. 1935ರಲ್ಲಿ ಅವರು ಹಿಂದುಸ್ಥಾನಕ್ಕೆ ಬಂದು ಮೂರು ವರ್ಷ ನಿಂತರು. ಬೇತಾಳ ಕಥೆಗಳ ಸಂಸ್ಕೃತ ಗ್ರಂಥವನ್ನು ಸಂಪಾದಿಸಿ ಡಾಕ್ಟರ್ ಪದವಿಯನ್ನು ಪಡೆದಿದ್ದ ಈ ಮಹನೀಯರು, ಲಿಪಿಯಿಲ್ಲದ ತೋಡ, ಕೋತ ನುಡಿಗಳನ್ನು ಕಲಿಯಲು ನೀಲಗಿರಿಯಲ್ಲಿ ಅಕ್ಷರ ಬಾರದ ಜನರೆದುರು ಶಿಷ್ಯವೃತ್ತಿಯಿಂದ ಕುಳಿತರು; ಕೊಡವ ನುಡಿಯನ್ನೂ ಅಭ್ಯಸಿಸಿದರು. ಕನ್ನಡದ ಅಕ್ಷರಮಾಲೆಯಲ್ಲಿ ಚಿಹ್ನೆಯೇ ಇಲ್ಲದ, ತುಟಿಯನ್ನು ದುಂಡಗೆ ಮಾಡದೆ ನಾಲಗೆಯ ನಡುವಿನಿಂದ ಹೊರಡುವ ಕೊಡವ ಸ್ವರಗಳನ್ನು ಅವರು ಬಿಡಿಸಿ ತೋರಿಸಿದರು. ಟಿ. ಬರೋ ಅವರೊಡಗೂಡಿ 1961ರಲ್ಲಿ ಅವರು ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶದಲ್ಲಿ ತಮಿಳು, ಕನ್ನಡಗಳ ಪಂಕ್ತಿಯಲ್ಲಿಯೇ ಕೊಡಗಿನ ಮಾತಿಗೂ ಎಡೆಯಿದೆ. 2005ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ನಮ್ಮವರೇ ಆದ ಎಂ. ಎನ್. ಶ್ರೀನಿವಾಸರ ವೃತ್ತಾಂತವು ಇನ್ನೂ ಹತ್ತಿರದ್ದು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಇವರು ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ ಕೊಡಗಿನ ಜನಜೀವನವನ್ನು ಅಭ್ಯಸಿಸಿದರು; ಆಕ್ಸ್‌ಫರ್ಡಿಗೆ ಹೋಗಿ, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು 1952ರಲ್ಲಿ ಹೊರತಂದರು. ತಮ್ಮ ಮೊದಲನೆಯ ಪರದೇಶವು ಮೈಸೂರಿನ ಮನೆಯ ಹಿಂದಣ ಬಂಡಿಕೇರಿಯೆಂದು ಅವರು ಹೇಳಿಕೊಂಡಿದ್ದುಂಟು. ಬ್ರಾಹ್ಮಣರ ಬೀದಿಯಿಂದ ಕುರುಬರ ಕೇರಿಗೆ ಕೆಲವೇ ಹೆಜ್ಜೆ; ಆಚಾರದಲ್ಲಿ ಮಾತ್ರ ಎಷ್ಟೋ ಯೋಜನಗಳ ಅಂತರ!

ನಮ್ಮ ತರುಣಿಗೂ ಒಂದು ಬಂಡಿಕೇರಿ ದೊರೆಯಿತು. ಮನೆಯ ತೋಟದ ಲೈನ್‌ಮನೆಗಳಲ್ಲಿ ಎರವರ ಕುಟುಂಬಗಳಿವೆ. ತಲೆಮಾರುಗಳಿಂದ ಜೀತದಲ್ಲಿ ಸಿಲುಕಿ ಬಂದ ಜನವಿದು. ಜೀತವು ಕಾನೂನಿನ ಪ್ರಕಾರ ರದ್ದಾದದ್ದು 1976ರಲ್ಲಿ. ಎರವರ ಭಾಷೆ ತನಗೆ ಬರುತ್ತದೆಂದೇ ಆಕೆ ನಂಬಿದ್ದಳು. ಭಾಷಾವಿಜ್ಞಾನದ ಪಾಠವನ್ನು ಕೇಳಿದ ಮೇಲೆ ಒಂದು ರಜೆಯಲ್ಲಿ, ತನಗೆ ತಿಳಿದ ಎರವ ಮಾತುಗಳನ್ನೆಲ್ಲ ಪುಸ್ತಕದಲ್ಲಿ ಪಟ್ಟಿ ಮಾಡಿದಳು. ಬಾ, ಹೋಗು, ತಾ, ಹೊರು, ಕೊಯ್ಯಿ: ಇದ್ದುದೆಲ್ಲ ಆಜ್ಞಾರ್ಥಕ ಕ್ರಿಯಾಪದಗಳೇ! ಪ್ರಶ್ನೆ ಕೇಳುವ ಒಂದು ರೂಪವೂ ಆಕೆಗೆ ಬರುತ್ತಿರಲಿಲ್ಲ. “ಅದನ್ನು ನೋಡಿ ನನಗೆ ನಾಚಿಕೆಯಾಯಿತು, ಸಾರ್” ಎಂದು ಆಕೆ ಹೇಳಿದಾಗ ನಾವು ಸುಮ್ಮನಾದೆವು. ಅಂದು ಸಂಜೆ ಆಕೆ, ಹುಟ್ಟಿದಂದಿನಿಂದ ಬರಿಯ ಹೆಸರು ಹಿಡಿದು ಕರೆಯುತ್ತಿದ್ದ ಎರವ ಮುದುಕಿಯ ಜಗಲಿಯಲ್ಲಿ ಕುಳಿತು, ನಿಮ್ಮ ಮೊಮ್ಮಕ್ಕಳು ನಿಮ್ಮನ್ನು ಏನೆಂದು ಕರೆಯುತ್ತಾರೆಂದು ಕೇಳಿದಳಂತೆ. ಮುದುಕಿ ಬಹಳ ಹೊತ್ತು ನಕ್ಕಳು, ಆಮೇಲೆ ಹೇಳಿಕೊಟ್ಟಳು. ಪದವಿಯ ಯಾವ ಪರೀಕ್ಷೆಯಲ್ಲಿಯೂ ಈ ಪಾಠಕ್ಕೆ ಅಂಕವಿಲ್ಲವೆಂಬುದನ್ನು ನಾವು ಬಲ್ಲೆವು.

ಆದರೆ ಆ ಮುದುಕಿಯ ಮೊಮ್ಮಗನ ಗತಿಯೇನು? ಕೊಡವ ಮಗುವು ಒಂದು ದಿನ ನಗೆಗೀಡಾಯಿತು; ಹಾಡಿಯ ಮಗುವಿಗೆ ಶಾಲೆಯ ಮೊದಲ ವರ್ಷವೆಲ್ಲ ಅದೇ ಅನುಭವ. ತನಗೆ ತಿಳಿಯದ ಮಾತಿನಲ್ಲಿ ತನಗೆ ತಿಳಿಯದ ಕಥೆಯನ್ನು ಕೇಳುತ್ತ ಕುಳಿತ ಮಗುವು ಮಂದಮತಿಯೆಂಬ ಹೆಸರನ್ನು ಹೊತ್ತು ಕಾಡಿಗೆ ಮರಳಿದರೆ ತಪ್ಪು ಯಾರದು? ವಿದ್ಯಾಪೀಠದ ಬಾಗಿಲಿಗೆ ಅದು ಬರುವುದೇ ಅಪರೂಪ. ಹತ್ತಿರದ ಬಾಗಿಲುಗಳ ಸ್ಥಿತಿಯೂ ದೃಢವಾಗಿಲ್ಲ. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗಿಗೆ ಪ್ರತ್ಯೇಕ ವಿಶ್ವವಿದ್ಯಾಲಯವು ತೆರೆಯಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಸಚಿವ ಸಂಪುಟದ ಉಪಸಮಿತಿಯು ಅದನ್ನು ಮುಚ್ಚುವ ಮಾತನ್ನೆತ್ತಿತು. ಅತ್ತ ಜನಗಣತಿಯಲ್ಲಿ ಕೊಡವ ನುಡಿಯನ್ನು ಮಾತೃಭಾಷೆಯೆಂದು ಬರೆಯಿಸಿದವರ ಸಂಖ್ಯೆ 2001ರಲ್ಲಿ 1,66,187 ಇದ್ದುದು 2011ರಲ್ಲಿ 1,13,857ಕ್ಕೆ ಇಳಿದಿದೆ. ಭೂಮಿಯುಳ್ಳ, ವಿದ್ಯಾವಂತ ಜನರ ನುಡಿಯ ಪಾಡೇ ಹೀಗಿರುವಾಗ ಲೈನ್‌ಮನೆಯ ನುಡಿಯ ಮಾತೇನು?

ಉಪಾಯವು ದೂರದಲ್ಲಿಲ್ಲ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವಿದೆ. ಹೊರ ಪ್ರಾಂತಗಳ ಉಪಾಧ್ಯಾಯರನ್ನು ಕರೆಯಿಸಿ ಹತ್ತು ತಿಂಗಳಲ್ಲಿ ಅವರಿಗೆ ಕನ್ನಡವನ್ನೋ ತಮಿಳನ್ನೋ ಕಲಿಸಿ ಕಳುಹಿಸುವ ಪದ್ಧತಿಯನ್ನು ಅದು ನಡೆಸಿಕೊಂಡು ಬಂದಿದೆ. ಕಾಡಂಚಿನ ಶಾಲೆಗಳಿಗೆ ನೇಮಕವಾಗುವ ಉಪಾಧ್ಯಾಯರಿಗೆ ಎರವ, ಜೇನುಕುರುಬ ನುಡಿಗಳನ್ನು ಹತ್ತು ತಿಂಗಳು ಬೇಡ, ಮೂರೇ ತಿಂಗಳು ಕಲಿಸಿದರೂ ಸಾಕು. ಕಲಿಸುವ ಗುರುಗಳನ್ನು ಹಾಡಿಗಳಿಂದಲೇ ಕರೆತಂದು ಉಳಿದ ಅಧ್ಯಾಪಕರಿಗೆ ಕೊಡುವ ಸಂಬಳವನ್ನೇ ಅವರಿಗೂ ಕೊಡಬೇಕು. ಆ ತರುಣಿಯ ಪುಸ್ತಕದಲ್ಲಿ ಈಗ ಪ್ರಶ್ನಾರ್ಥಕ ರೂಪಗಳಿಗೆ ಎರಡು ಪುಟಗಳಿವೆ. ತಿತಿಮತಿಯಲ್ಲಿ ಇಳಿಯುವ ಮುನ್ನ ಅದನ್ನು ನಮಗೆ ತೋರಿಸಿದಳು. ಅಂಚಿನಲ್ಲಿ ಮುದುಕಿಯು ತಿದ್ದಿಸಿದ ಗುರುತುಗಳು ಬಹಳವಿದ್ದವು.