ಟಿಬಿ ಇರುವವರ ತಟ್ಟೆ-ಲೋಟ ಬೇರೆ ಇಟ್ಟರೆ ರೋಗ ಹರಡುವುದಿಲ್ಲವೇ?

"ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಅವರ ತಟ್ಟೆ, ಲೋಟ, ಹಾಸಿಗೆ, ಬಟ್ಟೆ ಎಲ್ಲ ಬೇರೆ ಇಡಿ. ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿ." ಈ ಧಾಟಿಯ ಸಲಹೆಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಕಳುಹಿಸುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಇದರ ಮೊದಲರ್ಧ ಅನಗತ್ಯ, ಎರಡನೆಯರ್ಧ ಅಪಾಯಕಾರಿ. ಯಾಕೆ ಅಂತ ನೋಡೋಣ.

ಟಿಬಿ, ಅಂದರೆ ಕ್ಷಯ, ಒಂದು ಬ್ಯಾಕ್ಟೀರಿಯಾದಿಂದ ಬರುವ ರೋಗ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಇದನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದರು. ಅದು ಹರಡುವುದು ಗಾಳಿಯಿಂದ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ, ಹಾಡಿದಾಗ ಬಾಯಿಂದ ನಾನಾ ಗಾತ್ರದ ಹನಿಗಳು ಹೊರಬರುತ್ತವೆ. ಕಣ್ಣಿಗೆ ಕಾಣುವ ದೊಡ್ಡ ಹನಿಗಳು ಒಂದೆರಡು ಮೀಟರ್‌ನೊಳಗೆ ನೆಲಕ್ಕೆ ಬೀಳುತ್ತವೆ. ತೀರಾ ಸಣ್ಣವು ಬೀಳುವ ಮೊದಲೇ ಅವುಗಳ ನೀರು ಆರಿಹೋಗುತ್ತದೆ. ಉಳಿಯುವುದು ಬ್ಯಾಕ್ಟೀರಿಯಾ ಹೊತ್ತ ಒಣ ಕಣ. ಅದರ ಗಾತ್ರ ಸುಮಾರು 1ರಿಂದ 5 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಕಿಟಕಿಯಿಂದ ಬರುವ ಬಿಸಿಲಕೋಲಿನಲ್ಲಿ ಧೂಳು ತೇಲುವುದನ್ನು ನೋಡಿದ್ದೀರಲ್ಲ, ಇದು ಅದಕ್ಕಿಂತ ಸಣ್ಣದು. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಬಲ್ಲದು. ಕೆಮ್ಮಿದವರು ಎದ್ದು ಹೋದ ಮೇಲೂ!

ಈ ಸಣ್ಣ ಗಾತ್ರವೇ ಇಲ್ಲಿ ಮುಖ್ಯ. ದೊಡ್ಡ ಹನಿ ಉಸಿರಿನ ಜೊತೆ ಒಳಗೆ ಹೋದರೂ ಮೂಗು, ಗಂಟಲಿನಲ್ಲೇ ಅಂಟಿಕೊಳ್ಳುತ್ತದೆ. ಟಿಬಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಜಾಗ ಶ್ವಾಸಕೋಶದ ತುದಿಯ ಪುಟ್ಟ ಗಾಳಿಚೀಲಗಳು. ಅಲ್ಲಿಯವರೆಗೆ ತಲುಪುವುದು ಸಣ್ಣ ಕಣ ಮಾತ್ರ. ತಟ್ಟೆಗೆ ಅಂಟಿದ ಎಂಜಲು ಗಾಳಿಯಲ್ಲಿ ತೇಲುವ ಕಣವಾಗಿ ಎದ್ದು ಬರುವುದಿಲ್ಲ. ಹಾಗಾಗಿ ತಟ್ಟೆ, ಲೋಟ, ಬಟ್ಟೆ, ಶೌಚಾಲಯ, ಕೈಕುಲುಕುವುದು, ಯಾವುದರಿಂದಲೂ ಟಿಬಿ ಹರಡುವುದಿಲ್ಲ. ಎಂಜಲು, ಮೈಲಿಗೆಯ ಲೆಕ್ಕದಲ್ಲಿ ಯೋಚಿಸಿ ಅಭ್ಯಾಸವಿರುವ ನಮಗೆ ಇದನ್ನು ನಂಬುವುದು ಸ್ವಲ್ಪ ಕಷ್ಟವೇ. (ಆಹಾರದಲ್ಲಿ ಒಂದು ಎಚ್ಚರಿಕೆ ಇದೆ: ದನಗಳ ಟಿಬಿ ಹಸಿ ಹಾಲಿನಿಂದ ಬರಬಹುದು. ಹಾಲು ಕಾಯಿಸಿದರೆ ಆ ಚಿಂತೆ ಇಲ್ಲ.)

ಗಾಳಿಯಿಂದಲೇ ಹರಡುತ್ತದೆ ಎನ್ನಲು ಏನು ಸಾಕ್ಷಿ?

1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಪಿಗ್‌ಗಳಿದ್ದ ಕೋಣೆಗೆ ಹರಿಸಿದರು. ಈ ಪ್ರಾಣಿಗಳು ರೋಗಿಗಳನ್ನು ಮುಟ್ಟಿರಲಿಲ್ಲ, ಅವರ ಪಾತ್ರೆಯಲ್ಲಿ ತಿಂದಿರಲಿಲ್ಲ, ಬರೀ ಆ ಗಾಳಿ ಉಸಿರಾಡಿದ್ದವು. ಅವಕ್ಕೆ ಟಿಬಿ ಸೋಂಕು ತಗುಲಿತು. ಅದೇ ಗಾಳಿಯನ್ನು ನೇರಳಾತೀತ ಬೆಳಕಿನಲ್ಲಿ ಹಾಯಿಸಿ ಇನ್ನೊಂದು ಗುಂಪಿಗೆ ಕೊಟ್ಟಾಗ ಅವಕ್ಕೆ ಏನೂ ಆಗಲಿಲ್ಲ.

ನಮಗೆ ಹತ್ತಿರದ ಸಾಕ್ಷಿ ಮದ್ರಾಸಿನದು. ಆಗ ಟಿಬಿ ಎಂದರೆ ಸ್ಯಾನಟೋರಿಯಂ ಸೇರಬೇಕು ಎಂಬ ನಂಬಿಕೆ ಗಟ್ಟಿಯಾಗಿತ್ತು. ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ ಒಂದಷ್ಟು ರೋಗಿಗಳಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಷ್ಟು ರೋಗಿಗಳಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಅದೇ ಮಾತ್ರೆ ಕೊಟ್ಟಿತು. 1959ರಲ್ಲಿ ಫಲಿತಾಂಶ ಹೊರಬಂತು: ಎರಡೂ ಕಡೆ ಗುಣವಾಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಮನೆಯವರನ್ನು ಮುಂದೆ ವರ್ಷಗಟ್ಟಲೆ ಗಮನಿಸಿದಾಗ, ರೋಗಿ ಮನೆಯಲ್ಲಿದ್ದ ಕಾರಣಕ್ಕೆ ಅವರಿಗೆ ಹೆಚ್ಚು ಟಿಬಿ ಬಂದದ್ದು ಕಾಣಲಿಲ್ಲ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ಹರಡುವ ಕೆಲಸ ಬಹುತೇಕ ಆಗಿಹೋಗಿರುತ್ತದೆ. ಸರಿಯಾದ ಮಾತ್ರೆ ಶುರುವಾದ ಮೇಲೆ ಹರಡುವ ಶಕ್ತಿ ಬೇಗನೆ ಇಳಿಯುತ್ತದೆ. ಅಂದರೆ ನಿಜವಾದ ಅಪಾಯ ಇರುವುದು ರೋಗ ಪತ್ತೆಯಾಗದೆ ಕೆಮ್ಮುತ್ತಾ ತಿರುಗುವ ದಿನಗಳಲ್ಲಿ.

ತಟ್ಟೆ ಬೇರೆ ಇಡುವುದರಿಂದ ಆಗುವ ನಷ್ಟ ಇಲ್ಲೇ ಇರುವುದು. ತಟ್ಟೆ ಬೇರೆಯಾಗುತ್ತದೆ, ತವರಿಗೆ ಕಳಿಸುತ್ತಾರೆ, ಮದುವೆ ಮುರಿಯುತ್ತದೆ ಎಂಬ ಭಯಕ್ಕೆ ಜನ, ಅದರಲ್ಲೂ ಹೆಣ್ಣುಮಕ್ಕಳು, ಕೆಮ್ಮನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟು ದಿನವೂ ಅದೇ ಮನೆಯ ಮಕ್ಕಳು ಆ ಗಾಳಿಯನ್ನೇ ಉಸಿರಾಡುತ್ತಾರೆ.

ಹಾಗಾದರೆ ಏನು ಮಾಡಬೇಕು?

ಬಾಗಿಲು ಹಾಕುವುದಲ್ಲ, ಕಿಟಕಿ ತೆಗೆಯುವುದು. ಎದುರುಬದುರು ಕಿಟಕಿ-ಬಾಗಿಲು ತೆರೆದಿದ್ದರೆ ತೇಲುವ ಕಣಗಳು ಹೊರಗೆ ಹೋಗಿ ಚದುರುತ್ತವೆ, ಬಿಸಿಲಿಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಮನೆಯಲ್ಲಿ ಗೋಡೆಗೆ ಹಾಕುವ ಎಸಿ ಸಾಮಾನ್ಯವಾಗಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಗಾಜು ಮುಚ್ಚಿದ ಬಸ್ಸಿನದೂ ಇದೇ ಕತೆ. ಕರ್ಪೂರ, ಲೋಬಾನದ ಹೊಗೆ ಹಾಕಿದರೆ ಗಾಳಿ ಶುದ್ಧವಾಗುತ್ತದೆ ಎನ್ನುವ ಫಾರ್ವರ್ಡ್‌ಗಳೂ ಇವೆ. ಕೆಮ್ಮುವವರ ಕೋಣೆಗೆ ಹೊಗೆ ಹಾಕುವುದು ಎಂಥ ಉಪಚಾರವೋ! ಅದರಿಂದ ಕೆಮ್ಮು ಹೆಚ್ಚುತ್ತದೆ ಅಷ್ಟೇ. ಚಿಕಿತ್ಸೆಯ ಮೊದಲ ವಾರಗಳಲ್ಲಿ ರೋಗಿ ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಮಲಗಿದರೆ ಒಳ್ಳೆಯದು. ಊಟ ಎಲ್ಲರ ಜೊತೆಗೇ ಆಗಬಹುದು, ಗಾಳಿಯಾಡುವ ಜಗಲಿಯಲ್ಲಾದರೆ ಇನ್ನೂ ಚೆನ್ನ.

ಸೋಂಕು ತಗುಲಿದವರೆಲ್ಲ ರೋಗಿಗಳಾಗುವುದಿಲ್ಲ. ನೂರರಲ್ಲಿ ಸುಮಾರು 5ರಿಂದ 10 ಜನಕ್ಕೆ ಮಾತ್ರ ಜೀವಮಾನದಲ್ಲಿ ಎಂದಾದರೂ ಟಿಬಿ ಕಾಣಿಸಿಕೊಳ್ಳುತ್ತದೆ. ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ-ಸಿಗರೇಟು ಈ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಗ್ರಂಥಿ, ಮೂಳೆಯಂಥ ಕಡೆ ಮಾತ್ರ ಬರುವ ಟಿಬಿ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ. ಸರ್ಕಾರಿ ಕೇಂದ್ರಗಳಲ್ಲಿ ಕಫ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಾಮಾನ್ಯ ಟಿಬಿಗೆ ಕೋರ್ಸು ಆರು ತಿಂಗಳು, ನಡುವೆ ಬಿಡಬಾರದು. ಮನೆಯ ಉಳಿದವರೂ, ಮುಖ್ಯವಾಗಿ ಮಕ್ಕಳು, ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗ ಬಾರದಂತೆ ತಡೆಯುವ ಮಾತ್ರೆಯೂ ಇದೆ. ಉಚಿತ ಸಹಾಯವಾಣಿ: 1800-11-6666.